ಹ್ಯಾನಿಬಲ್ ಇರ್ವಿಂಗ್‌ಗೆ ಬಂದ

ಹೇಗೆ ಶುರು ಮಾಡುವುದು? ‘ಕ್ರಿಸ್ತಪೂರ್ವ’ ಎಂದರೆ ನೀವು ಪುಟ ತಿರುಗಿಸುತ್ತೀರಿ. ‘ಇರ್ವಿಂಗ್’ ಎಂದರೆ ಡಲ್ಲಾಸ್ ಪಕ್ಕದ ಆ ಊರಿನ ದೋಸೆ ನೆನಪಾಗಿ ಎದ್ದೇ ಹೋಗುತ್ತೀರಿ. ಜ್ಯೋತ್ಸ್ನಾ ಎರಡನ್ನೂ ಹೊಡೆದುಹಾಕಿದಳು.

೧. (ರದ್ದಾಗಿದೆ.)

೨. ರೋಮ್–ಕಾರ್ತೇಜ್ ಯುದ್ಧದ ನಾಟಕ ಬರೆಯುವ ಕೆಲಸ ಅವಳಿಗೆ ಬಂದದ್ದು ಪ್ರತಿಭೆಯಿಂದಲ್ಲ, ಅವಳು ಆಸ್ಟಿನ್‌ನವಳು ಎಂಬುದರಿಂದ. ಡಲ್ಲಾಸ್ ಕನ್ನಡ ಸಂಘಕ್ಕೂ ಸೇರದ, ಹ್ಯೂಸ್ಟನ್ ಸಂಘಕ್ಕೂ ಸೇರದ ಊರು. ರೋಮಿನ ಸೇನಾಪತಿ ಸಿಪಿಯೊ ಆಗಿ ಡಲ್ಲಾಸಿನ ನಿವೃತ್ತ ಡಾಕ್ಟರು ಚಂದ್ರಮೋಹನ. ಕಾರ್ತೇಜಿನ ಹ್ಯಾನಿಬಲ್ ಆಗಿ ಹ್ಯೂಸ್ಟನ್ನಿನ ಎಂಜಿನಿಯರ್ ದಾನಪ್ಪ. ಈ ದೇಶಕ್ಕೆ ಬಂದ ಹೊಸತರಲ್ಲಿ ಇಬ್ಬರೂ ಒಂದೇ ಕುಕ್ಕರಿನ ಅನ್ನ ಉಂಡವರು. ಒಂದು ರಾಜ್ಯೋತ್ಸವದಲ್ಲಿ ದೀಪದ ಮೊದಲ ಬತ್ತಿಯನ್ನು ಯಾರು ಹಚ್ಚಬೇಕೆಂಬಲ್ಲಿ ಮಾತು ನಿಂತಿತು, ಇದ್ದ ಒಂದು ಸಂಘ ಎರಡಾಯಿತು. (ಇತಿಹಾಸಕಾರರು ಯುದ್ಧಕ್ಕೆ ಇದಕ್ಕಿಂತ ಘನವಾದ ಕಾರಣ ಹುಡುಕುತ್ತಾರೆ. ಹುಡುಕಲಿ.) ಎರಡೂ ಸಂಘ ಸೇರಿ ಆಡುವ ಈ ನಾಟಕವೂ ಕೆಟ್ಟರೆ ಇಬ್ಬರನ್ನೂ ಇನ್ನೊಮ್ಮೆ ಒಂದು ಸೂರಿನಡಿ ತರುವುದು ಯಾರಿಂದಲೂ ಆಗದು.

೩. ಹ್ಯಾನಿಬಲ್ ಫೋನಿನಲ್ಲೇ ತಕರಾರು ತೆಗೆದ. “ನಾಕು ತಾಸು ಡ್ರೈವ್ ಮಾಡ್ಕೊಂಡು ಬಂದು ಸೋಲಬೇಕೇನವಾ ನಾ?”

ಇತಿಹಾಸ ಹಾಗಿದೆ ಅಂಕಲ್, ಎಂದಳು ಜ್ಯೋತ್ಸ್ನಾ.

“ಆ ಇತಿಹಾಸ ಬರದಾವ್ರು ಯಾರು? ಡಲ್ಲಾಸಿನವ್ರ.”

(ಒಪ್ಪಲೇಬೇಕು. ಕಾರ್ತೇಜಿನವರು ತಮ್ಮ ಬಗ್ಗೆ ಬರೆದದ್ದು ಹೆಚ್ಚುಕಡಿಮೆ ಏನೂ ಉಳಿದಿಲ್ಲ. ಅವಳಿಗೆ ಇಷ್ಟವಾದ ಭಾಗ ಅದೇ.)

೪. ಬದಲಿ ಮುಕ್ತಾಯಗಳು. ಹ್ಯಾನಿಬಲ್ ಗೆದ್ದರೆ ಡಲ್ಲಾಸಿನವರು ಊಟ ಹಾಕುವುದಿಲ್ಲ. ಡ್ರಾ ಮಾಡಿದರೆ ಆನೆ ಒಪ್ಪುವುದಿಲ್ಲ. ಹ್ಯಾನಿಬಲ್‌ನ ಯುದ್ಧದ ಆನೆ ಎಂದರೆ ಬೂದು ಬೆಡ್‌ಶೀಟಿನೊಳಗಿನ ಇಬ್ಬರು ಸಾಫ್ಟ್‌ವೇರ್ ಎಂಜಿನಿಯರ್‌ಗಳು; ಸಾಯುವ ದೃಶ್ಯವನ್ನು ಮನಸಿಟ್ಟು ಪ್ರಾಕ್ಟೀಸ್ ಮಾಡಿದ್ದಾರೆ.

೫. ಯುದ್ಧಕ್ಕೆ ಮುಂಚೆ ಸೇನಾಪತಿಗಳಿಬ್ಬರೂ ಭೇಟಿಯಾದರು, ಒಂದು ಗಳಿಗೆ ಮಾತಿಲ್ಲದೆ ನಿಂತರು ಎನ್ನುತ್ತವೆ ಹಳೆಯ ಬರಹಗಳು. ಆಮೇಲೆ ಮೊದಲು ಬಾಯಿ ಬಿಡುವವರು ಯಾರು? “ನೋಡಮ್ಮಾ, ಗೆಲ್ಲೋನು ತಾನಾಗಿ ಮಾತಾಡಲ್ಲ,” ಎಂದಿದ್ದರು ಚಂದ್ರಮೋಹನ. ಸೋಲುವವನಿಗೂ ಮಾನವಿದೆ ಎಂದಿದ್ದರು ದಾನಪ್ಪ. ಅವಳು ‘ಮೌನ’ ಎಂದಷ್ಟೇ ಬರೆದು, ಮುಂದಿನ ಮಾತಿನ ಎದುರು ಯಾರ ಹೆಸರನ್ನೂ ಹಾಕಲಿಲ್ಲ.

೬. ಇರ್ವಿಂಗ್‌ನಲ್ಲಿ ರಿಹರ್ಸಲ್. ಇಬ್ಬರೂ ಎದುರುಬದುರು ನಿಂತರು. ಗಳಿಗೆ ಮುಗಿಯಿತು, ಮೌನ ಮುಗಿಯಲಿಲ್ಲ. ಆನೆ ಕೆಮ್ಮಿತು. ಮಾತು ಹೇಳಿಕೊಡಬೇಕಾದವಳು ಎಂದು ಇಬ್ಬರೂ ಜ್ಯೋತ್ಸ್ನಾಳ ಕಡೆ ನೋಡಿದರು. ಅವಳು ತನ್ನ ಶೂ ನೋಡಿಕೊಂಡಳು. ಅಷ್ಟರಲ್ಲಿ ದಾನಪ್ಪನವರ ರಟ್ಟಿನ ಶಿರಸ್ತ್ರಾಣ ಜಾರಿ ಕಣ್ಣು ಮುಚ್ಚಿತು. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ, ಸರಿಪಡಿಸಿಕೊಳ್ಳಲು ಕೈಯಿಲ್ಲ. ಚಂದ್ರಮೋಹನ ತಮ್ಮ ಕತ್ತಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೈ ಚಾಚಿದರು.

(ಇಲ್ಲಿ ಪೂರ್ಣವಿರಾಮ ಇಟ್ಟರೆ ಯಾರೋ ಒಬ್ಬರು ಗೆದ್ದಂತಾಗುತ್ತದೆ. ಆದ್ದರಿಂದ ಕೈ ಇನ್ನೂ ಶಿರಸ್ತ್ರಾಣವನ್ನು ಮುಟ್ಟಿಲ್ಲ, ಮಾತು ಇನ್ನೂ ಯಾರೂ ಆಡಿಲ್ಲ, ಜ್ಯೋತ್ಸ್ನಾ ಉಸಿರು ಬಿಟ್ಟಿಲ್ಲ, ನೀವೂ ದಯವಿಟ್ಟು ಕೆಮ್ಮಬೇಡಿ