ನಾಲಿಗೆಗೆ ಅಂಟಿದ ಚೂರು

ಮೂಳೆ ಮೇಷ್ಟ್ರಿಗೆ ಇದ್ದದ್ದು ಒಬ್ಬಳೇ ಮಗಳು. ಜಗಳಕ್ಕೆ ಅವಳೊಬ್ಬಳೇ ಧಾರಾಳವಾಗಿ ಸಾಕಾಗಿತ್ತು. ಮನುಷ್ಯ ಎಲ್ಲಿ ಹುಟ್ಟಿದ ಎನ್ನುವುದೇ ಆ ಮನೆಯ ಊಟದ ಹೊತ್ತಿನ ರಗಳೆ. ಆಫ್ರಿಕಾದಲ್ಲಿ ಹುಟ್ಟಿ ಅಲ್ಲಿಂದ ಲೋಕಕ್ಕೆಲ್ಲ ಹರಡಿದ ಎಂದು ಮಗಳು; ಹಳೆಯ ಮಂದಿ ಎಲ್ಲೆಲ್ಲಿದ್ದರೋ ಅಲ್ಲಲ್ಲೇ, ಒಬ್ಬರಿಗೊಬ್ಬರು ಬೆರೆಯುತ್ತ, ನಮ್ಮಂಥವರಾದರು ಎಂದು ಅಪ್ಪ. ಓದಿದವರೆಲ್ಲ ಮಗಳ ಕಡೆ ವಾಲಿದ ಮೇಲೂ ಅಪ್ಪ ಪಟ್ಟು ಬಿಡಲಿಲ್ಲ. "ನಿಮ್ಮಪ್ಪನ ಹಟಕ್ಕೆ ಒಂದು ಖಂಡ ಸಾಲಲ್ಲ ಕಣೇ" ಎಂದು ಅಮ್ಮ ಬದುಕಿದ್ದಷ್ಟು ದಿನವೂ ಗೊಣಗಿದಳು.

ನೆಲ ಅಗೆದು ಹಳೆಯ ಮನುಷ್ಯರ ಮೂಳೆ ಹುಡುಕುವ ಕೆಲಸದಲ್ಲಿ ಮೇಷ್ಟ್ರದ್ದು ಹಳೆಯ ಕೈ. ಕಲ್ಲೋ ಮೂಳೆಯೋ ಎಂಬ ಅನುಮಾನ ಬಂದರೆ ಚೂರನ್ನು ನಾಲಿಗೆಗೆ ಒತ್ತುವುದು ಅವರ ರೂಢಿ. ಹಳೆಯ ಮೂಳೆಯಾದರೆ ಅಂಟುತ್ತದೆ, ಕಲ್ಲಾದರೆ ಜಾರುತ್ತದೆ. ಮಗಳಿಗೂ ಚಿಕ್ಕಂದಿನಲ್ಲಿ ಅದನ್ನೇ ಕಲಿಸಿದ್ದರು. ಈಗ ಅವಳು ಮೂಳೆಯ ಡಿಎನ್‌ಎ ಓದುವ ಲ್ಯಾಬಿನವಳು, ಗವಸು ಮುಸುಕಿಲ್ಲದೆ ಒಳಗೆ ಕಾಲಿಡದವಳು.

ಕೊನೆಯ ಅಗೆತದಲ್ಲಿ ಮೇಷ್ಟ್ರಿಗೆ, ಆಫ್ರಿಕಾದಿಂದ ಯಾರೂ ಬರುವ ಮುಂಚಿನ ತೀರ ಆಳದ ಪದರದಿಂದ ಬುರುಡೆಯ ಚೂರೊಂದು ಸಿಕ್ಕಿತು. ಅಷ್ಟು ಹಳೆಯದರಲ್ಲಿ ನಮ್ಮಂಥವರ ಡಿಎನ್‌ಎ ಇದ್ದರೆ ಅಪ್ಪನ ವಾದಕ್ಕೆ ಜೀವ ಬಂದಂತೆ. ಅದನ್ನು ಮಗಳ ಕೈಗೆ ಕೊಟ್ಟು ಅವರು ಹಾಸಿಗೆ ಹಿಡಿದರು. ಡಾಕ್ಟರು ಕೈಚೆಲ್ಲಿದ್ದರು, ಫಲಿತಾಂಶ ಕೇಳಲೆಂದೇ ಮೇಷ್ಟ್ರು ಜೀವ ಹಿಡಿದುಕೊಂಡಿದ್ದರು.

ಫಲಿತಾಂಶ ಬಂತು. ನಮ್ಮಂಥ ಮನುಷ್ಯನೇ! ಮಗಳಿಗೆ ತಾನು ಸೋತ ಬೇಸರಕ್ಕಿಂತ ಅಪ್ಪ ಗೆದ್ದ ಖುಷಿಯೇ ಹೆಚ್ಚಾಯಿತು. ಆಮೇಲೆ, ಲ್ಯಾಬಿನ ಪದ್ಧತಿಯಂತೆ, ಅಲ್ಲಿ ಕೆಲಸ ಮಾಡುವವರದೇನಾದರೂ ಬೆರೆತಿದೆಯೇ ಎಂದು ಅವರ ಡಿಎನ್‌ಎ ಜೊತೆ ತಾಳೆ ನೋಡಿದಳು. ಅದು ಗಂಡಸಿನದು, ಅವಳದರ ಜೊತೆ ಅರ್ಧ ಹೊಂದಿತು. ಅವಳಿಗೆ ಅಷ್ಟು ಹೊಂದುವ ಗಂಡಸು ಲೋಕದಲ್ಲಿ ಒಬ್ಬರೇ. ಚೂರಿನಲ್ಲಿದ್ದದ್ದು ಅಪ್ಪನ ಎಂಜಲು.

ಸುಳ್ಳು ಹೇಳಿಬಿಡೋಣ ಎಂದುಕೊಂಡೇ ಆಸ್ಪತ್ರೆಗೆ ಹೋದಳು.

"ಏನಾದ್ರೂ ಸಿಕ್ತಾ?"

"ಸಿಕ್ತು ಅಪ್ಪ. ನಮ್ಮಂಥೋರೇ."

ಮೇಷ್ಟ್ರ ಮುಖ ಅರಳಿತು. "ಗಂಡೋ ಹೆಣ್ಣೋ?"

"ಗಂಡು."

"ಈಗಿನೋರಲ್ಲಿ ಯಾರಿಗೆ ಹತ್ತಿರ?"

ಸುಳ್ಳು ಅಲ್ಲಿಗೇ ಮುಗಿಯಿತು. "ನಂಗೆ" ಎಂದಳು. "ಅರ್ಧಕ್ಕರ್ಧ ನಂಗೇ."

ಮೇಷ್ಟ್ರು ನಾಲಿಗೆಯ ತುದಿ ಮುಟ್ಟಿಕೊಂಡರು. "ಕಲ್ಲಿರಬಹುದು ಅನ್ನಿಸ್ತು ಕಣೇ. ಕೈ ತಾನಾಗೇ ಬಾಯಿಗೆ ಹೋಯ್ತು." ಆಮೇಲೆ ಕೇಳಿದರು: "ಹಳೇದು ಏನಾದ್ರೂ ಉಳಿದಿದೆಯಾ ಅದ್ರಲ್ಲಿ?"

"ಇಲ್ಲ ಅಪ್ಪ. ನೀವು ಮಾತ್ರ ಇದ್ದೀರ."

"ಹಾಗಾದ್ರೆ ಚೆಲ್ಲಿಬಿಡು. ಕೆಟ್ಟ ಸ್ಯಾಂಪಲ್ ಇಟ್ಕೋಬಾರ್ದು."

ಆ ವಾರವೇ ಅವರು ತೀರಿಕೊಂಡರು. ಮಗಳು ಕೆಲಸಕ್ಕೆ ಮರಳಿದಾಗ ಆ ಚೂರಿನಿಂದ ತೆಗೆದ ಡಿಎನ್‌ಎ ತುಂಬಿದ ಪುಟ್ಟ ಕೊಳವೆ ಫ್ರೀಜರಿನಲ್ಲಿ ಹಾಗೇ ಇತ್ತು. ಊಟದ ಮೇಜಿನಲ್ಲಿ ಇನ್ನು ಅವಳ ಮಾತಿಗೆ ಎದುರಾಡುವವರಿಲ್ಲ. ಅದು ಅವಳಿಗೆ ತಡೆಯಲಾರದ ಸಂಕಟವಾಗಿತ್ತು. ಕೊಳವೆಯನ್ನು ಕಸದ ಬುಟ್ಟಿಯವರೆಗೂ ಒಯ್ದಳು.

ಹುಟ್ಟಿದಾಗಿನಿಂದ ಅಪ್ಪನ ಒಂದು ಮಾತನ್ನೂ ಒಪ್ಪದವಳು ಈ ಕೊನೆಯ ಮಾತನ್ನೂ ಕೇಳಲಿಲ್ಲ. ಕೊಳವೆಯನ್ನು ಮತ್ತೆ ಮೊದಲಿದ್ದಲ್ಲೇ ಇಟ್ಟು, ಫ್ರೀಜರಿನ ಬಾಗಿಲಿಗೆ ಹಣೆಯೊತ್ತಿ ಅತ್ತಳು.