ಕನ್ನಡಿಯೊಳಗಿನ ಗಿರಾಕಿ

ಗಿರಾಕಿಯ ಕೂದಲು ಅರ್ಧ ಕತ್ತರಿಸಿದ್ದಾಗಲೇ ಕ್ಷೌರಿಕ ತನ್ನ ಅಂಗಡಿಯಲ್ಲಿ ಕುಸಿದುಬಿದ್ದು ಮೂರು ತಿಂಗಳಾಗಿತ್ತು. ಕಣ್ಣು ತೆರೆಯುತ್ತಿದ್ದ, ಮುಚ್ಚುತ್ತಿದ್ದ. ಒಳಗೆ ಅವನಿದ್ದಾನೋ ಇಲ್ಲವೋ ಎಂಬುದಕ್ಕೆ ಮಾತ್ರ ಯಾರಲ್ಲೂ ಉತ್ತರವಿರಲಿಲ್ಲ. ತಲೆಗೆ ತಂತಿ ಅಂಟಿಸಿ ನೋಡಿದ್ದರು, ಸ್ಕ್ಯಾನ್ ಮಾಡಿದ್ದರು. ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಇವತ್ತಿನದು ಕೊನೆಯ ಪರೀಕ್ಷೆ. ಇದರಲ್ಲೂ ಅರಿವಿನ ಸುಳಿವು ಸಿಗದಿದ್ದರೆ ಚಿಕಿತ್ಸೆ ನಿಲ್ಲಿಸಿ ಬರೀ ಆರೈಕೆಯ ವಾರ್ಡಿಗೆ ಕಳಿಸುತ್ತೇವೆಂದು ಹೆಂಡತಿಗೆ ಹೇಳಿಯಾಗಿತ್ತು.

ನರರೋಗ ತಜ್ಞೆ ಅವನ ಮುಖದೆದುರು ಕೈಗನ್ನಡಿ ಹಿಡಿದು ಮೆಲ್ಲಗೆ ಎಡಕ್ಕೆ, ಬಲಕ್ಕೆ ಸರಿಸಿದರು. ಬೆರಳನ್ನು ಹಿಂಬಾಲಿಸದ ಕಣ್ಣುಗಳೂ ಎಷ್ಟೋ ಸಲ ತಮ್ಮದೇ ಮುಖವನ್ನು ಹಿಂಬಾಲಿಸುತ್ತವೆ ಎಂದು ವಿವರಿಸಿದರು. ಇವನ ಕಣ್ಣು ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಹೆಂಡತಿಗೆ ಸಿಟ್ಟು ಬಂತು. ಮೂವತ್ತು ವರ್ಷ ಕನ್ನಡಿಯೆದುರು ನಿಂತ ಈ ಮನುಷ್ಯ ಒಂದು ದಿನವಾದರೂ ತನ್ನ ಮುಖ ನೋಡಿಕೊಂಡಿದ್ದನೇ? ಮೀಸೆಗೆ ಸೋಪಿನ ನೊರೆ ಮೆತ್ತಿಕೊಂಡೇ ಊಟಕ್ಕೆ ಬರುತ್ತಿದ್ದ ಮಹಾನುಭಾವ.

"ಡಾಕ್ಟರಮ್ಮ, ಇವರು ಕನ್ನಡೀಲಿ ನೋಡೋದು ಗಿರಾಕೀನ," ಎಂದಳು.

ಬಾಗಿಲಲ್ಲಿ ಅವಳ ತಮ್ಮ ನಿಂತಿದ್ದ. ಭಾವ ಹಾಸಿಗೆ ಹಿಡಿದ ಮೇಲೆ ಬೇರೆಲ್ಲೋ ತಲೆ ಒಪ್ಪಿಸಿ ಬಂದಿದ್ದ. ಎಡಗಿವಿಯ ಮುಂದಿನ ಕೂದಲು ಬಲಗಿವಿಯದಕ್ಕಿಂತ ಒಂದು ಬೆರಳು ಮೇಲೆ. ಅವಳು ಅವನನ್ನು ದರದರ ಎಳೆದುತಂದು ಗಂಡನ ತಲೆಯ ಪಕ್ಕ ತಲೆಯಿಡಿಸಿದಳು. ತಜ್ಞೆ ನಗುತ್ತಲೇ ತಮ್ಮನ ಮುಖ ಕಾಣುವಂತೆ ಕನ್ನಡಿಯನ್ನು ಓರೆಮಾಡಿ ಹಿಡಿದರು.

ಕನ್ನಡಿ ಸರಿಯಿತು. ಕ್ಷೌರಿಕನ ಕಣ್ಣುಗಳೂ ಸರಿದವು. ನಾಲ್ಕು ಸಲ ನೋಡಿದ ತಜ್ಞೆ ನಗು ನಿಲ್ಲಿಸಿ, ಅರಿವು ಕೊಂಚ ಇದೆ, ಚಿಕಿತ್ಸೆ ಮುಂದುವರಿಯಲಿ ಎಂದು ಬರೆದರು.

"ಈ ಕಟಿಂಗು ಭಾವನಿಗೆ ಸಹಿಸೋಕಾಗ್ಲಿಲ್ಲ," ಎಂದು ತಮ್ಮ ಕಣ್ಣೊರೆಸಿಕೊಂಡ.

ಅವಳು ನಕ್ಕಳು, ಅತ್ತಳು. ಆಮೇಲೆ ತಟ್ಟನೆ ಒಂದು ಮಾತು ನೆನಪಾಯಿತು. ಹೋದ ವಾರ ಇದೇ ಮಂಚದ ಪಕ್ಕ ನಿಂತು, ಹೀಗೆ ಬಿದ್ದಿರುವುದಕ್ಕಿಂತ ಅವತ್ತೇ ಹೋಗಿದ್ದರೆ ಚೆನ್ನಾಗಿತ್ತು ಎಂದು ತಮ್ಮನ ಹತ್ತಿರ ಹೇಳಿದ್ದಳು. ಅದು ಇವರಿಗೆ ಕೇಳಿಸಿರಬಹುದೇ ಎಂದು ತಜ್ಞೆಯನ್ನು ವಿಚಾರಿಸಿದಳು. ಅರಿವು ಬರುತ್ತದೆ, ಹೋಗುತ್ತದೆ. ಆ ಹೊತ್ತಿನಲ್ಲಿ ಇತ್ತೋ ಇಲ್ಲವೋ ಯಾವ ಯಂತ್ರವೂ ಈಗ ಹೇಳಲಾರದು ಎಂದರು ಅವರು.

ಎಲ್ಲರೂ ಹೋದ ಮೇಲೆ ಅವಳು ತಜ್ಞೆ ಬಿಟ್ಟುಹೋದ ಕನ್ನಡಿ ಎತ್ತಿಕೊಂಡು ಗಂಡನ ದಿಂಬಿಗೇ ತಲೆಯಿಟ್ಟಳು.

"ರೀ, ನಾನು ಹಾಗನ್ನಬಾರದಿತ್ತು."

ಕನ್ನಡಿ ಸರಿಸಲು ಅವಳಿಗೆ ಧೈರ್ಯ ಬರಲಿಲ್ಲ. ಹಿಡಿದು ಸೋತ ಕೈಯಲ್ಲಿ ಅದು ತಾನೇ ಒಂದಿಷ್ಟು ಜಾರಿತು. ಅವನ ಕಣ್ಣುಗಳು ಕನ್ನಡಿಯಲ್ಲಿನ ಅವಳ ಮುಖದ ಹಿಂದೆಯೇ ಬಂದವು.