ಸೇತುವೆ ದಾಟಿ ಬಂದ ಲಾರಿ

ಬಚ್ಚಲಲ್ಲಿ ಜಾರಿಬಿದ್ದ ಜಾನ್‌ನ ಬಲಗೈಗೆ ಪ್ಲಾಸ್ಟರ್ ಹಾಕಿದ್ದರಿಂದ, ಅಕ್ಕ ಗರ್ಟ್ರೂಡಳ ಮದುವೆಯ ಬೆಳ್ಳಿಹಬ್ಬಕ್ಕೆ ಅವಳಿರುವ ಅವಾಲಿಗೆ ಹೊರಟ ದಿನ ಕಾರು ಓಡಿಸುವ ಕೆಲಸ ಹೆಂಡತಿ ಕಾರ್ಮಿನ್‌ಗೆ ಬಂತು. ಲೈಸೆನ್ಸ್ ಇದ್ದರೂ ಅವಳು ತಾವಿದ್ದ ಅದ್ಲಿಯಾದ ಒಳರಸ್ತೆ ಬಿಟ್ಟು ಹೆದ್ದಾರಿಗೆ ಇಳಿದವಳಲ್ಲ. ಜಾನ್ ಬಿಟ್ಟಿರಲಿಲ್ಲ. ಸೌದಿಯಿಂದ ಸಮುದ್ರದ ಸೇತುವೆ ದಾಟಿ ಈ ದ್ವೀಪಕ್ಕೆ ಬರುವ ಲಾರಿಗಳೆಂದರೆ ಅವನಿಗೆ ವಿಪರೀತ ಭಯ.

"ಅವುಗಳ ಬ್ರೇಕ್ ಯಾರು ನೋಡಿದ್ದಾರೆ? ದೂರ ಇರು, ಇನ್ನೂ ದೂರ," ಎಂದು ಅವನು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದ.

ಮುಂದೆ ಅಂಥದೇ ಒಂದು ಲಾರಿ ಹೋಗುತ್ತಿತ್ತು. ಅದರ ಹಿಂಚಕ್ರದಿಂದ ತೆಳ್ಳಗೆ ಹೊಗೆ ಏಳುತ್ತಿರುವುದು ಕಾರ್ಮಿನ್‌ಗೆ ಕಾಣಿಸಿತು. ಒಳಗಿರುವವನಿಗೆ ಅದು ಗೊತ್ತಾದಂತಿರಲಿಲ್ಲ.

"ಹೇಳ್ಬೇಕಲ್ಲ ಅವರಿಗೆ," ಎಂದಳು.

"ಹತ್ತಿರ ಹೋಗ್ಬೇಡ ಮಾರಾಯ್ತಿ."

ಅವಳು ಹೋದಳು. ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದು ಲಾರಿಯ ಪಕ್ಕಕ್ಕೆ ಬಂದು ಹಾರ್ನ್ ಒತ್ತಿದಳು. ಬೇರೆ ದಾರಿ ಕಾಣದೆ ಜಾನ್ ಪ್ಲಾಸ್ಟರಿನ ಕೈಯನ್ನೇ ಕಿಟಕಿಯಿಂದ ಹೊರಚಾಚಿ ಹಿಂದಕ್ಕೆ ತೋರಿಸಿದ. ಲಾರಿ ನಿಧಾನವಾಗಿ ರಸ್ತೆ ಬದಿಗೆ ಸರಿದು ನಿಂತಿತು. ಕಾರ್ಮಿನ್ ಅದರ ಮುಂದೆ ಕಾರು ನಿಲ್ಲಿಸಿದಳು. ಡ್ರೈವರ್ ಇಳಿದು ಓಡಿ, ಬೆಂಕಿ ಆರಿಸುವ ಸಿಲಿಂಡರ್ ತಂದು ಚಕ್ರಕ್ಕೆ ಹೊಡೆದ. ಬ್ರೇಕ್ ಬಿಡದೆ ಹಿಡಿದುಕೊಂಡು ಚಕ್ರ ಕಾದು ಹೋಗಿತ್ತು.

"ನೋಡಿದ್ಯಾ? ನಾನು ಹೇಳಿದ್ದು ಇದನ್ನೇ," ಎಂದ ಜಾನ್.

ಊರಿನ ಮಾತು ಕೇಳಿ ಡ್ರೈವರ್ ತಿರುಗಿ ನೋಡಿದ. "ನೀವು ಊರಿನವರಾ? ನಾನು ಉಳ್ಳಾಲದ ಶಾಹುಲ್ ಹಮೀದ್. ನೀವು ಹೇಳಿದ್ದು ಸರಿ ಉಂಟು. ಬ್ರೇಕ್ ಹಿಡೀತದೆ ಅಂತ ಕಂಪೆನಿಗೆ ಹೇಳಿದ್ದೆ. ವಾಪಸ್ ಬಂದ ಮೇಲೆ ನೋಡುವಾ ಅಂದ್ರು."

ಜಾನ್ ಹಿಂದಿನ ಸೀಟಿನಲ್ಲಿದ್ದ ದೊಡ್ಡ ಪಾತ್ರೆಯ ಮುಚ್ಚಳ ತೆಗೆದು, ಸಮಾರಂಭಕ್ಕೆಂದು ಹಬೆಯಲ್ಲಿ ಬೇಯಿಸಿದ್ದ ಬಿಳಿ ಸನ್ನಾಗಳಲ್ಲಿ ಎರಡನ್ನು ಶಾಹುಲ್‌ಗೆ ಕೊಟ್ಟ. ತಾನೂ ಒಂದು ತಿಂದ.

ಪೊಲೀಸರು ಬಂದು ಲಾರಿಯನ್ನು ಎಳೆಸಿಕೊಂಡು ಹೋದರು. ರಿಪೇರಿ, ತಪಾಸಣೆ ಎರಡೂ ಮುಗಿಯದೆ ಅದು ರಸ್ತೆಗೆ ಇಳಿಯುವಂತಿಲ್ಲ ಎಂದರು.

"ಒಳ್ಳೇದೇ ಆಯ್ತು. ಇನ್ನು ಕಂಪೆನಿ ಮಾಡಿಸ್ಲೇಬೇಕು," ಎಂದು ಶಾಹುಲ್ ನಿರಾಳವಾಗಿ ನಕ್ಕ.

"ಹಾಗಾದ್ರೆ ನಮ್ಮೊಟ್ಟಿಗೆ ಊಟಕ್ಕೆ ಬನ್ನಿ," ಎಂದಳು ಕಾರ್ಮಿನ್.

ಜಾನ್ ಮೆಲ್ಲಗೆ ಅಂದ, "ಇವರು ಕಸುಬಿನವರಲ್ವಾ? ಇವರೇ ಓಡಿಸ್ಲಿ."

"ಬೇಡ. ನಾನೇ ಓಡಿಸ್ತೇನೆ," ಎಂದಳು ಅವಳು.

ಶಾಹುಲ್ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕುಳಿತ. "ಅಕ್ಕ ಚಂದ ಓಡಿಸ್ತಾರೆ," ಎಂದು ಅವಾಲಿ ಬರುವಷ್ಟರಲ್ಲಿ ಹಲವು ಸಲ ಹೇಳಿದ.

ಗರ್ಟ್ರೂಡ್ ಅವನಿಗೆಂದು ಮೀನಿನ ಸಾರು ಬಿಸಿ ಮಾಡಿ ಬಡಿಸಿದಳು. ಜಾನ್ ಎಲ್ಲರಿಗೂ ಕತೆ ಹೇಳಿದ. ಹೇಳಿದಷ್ಟೂ ಬಾರಿ ಹೊಗೆ ದೊಡ್ಡದಾಗುತ್ತಾ ಹೋಯಿತು, ಹೆಂಡತಿಯ ಧೈರ್ಯವೂ. ಅಷ್ಟರಲ್ಲಿ ಬ್ಯಾಂಡಿನವರು ಕುಣಿತದ ಹಾಡು ಎತ್ತಿಕೊಂಡರು. ಕಾರ್ಮಿನ್ ಚಪ್ಪಲಿ ಬಿಚ್ಚಿಟ್ಟು, ಅತ್ತಿಗೆಯ ಕೈ ಹಿಡಿದು ಅಂಗಳಕ್ಕೆ ಇಳಿದಳು.